ಅಧಿಕದ್ರವ್ಯವೂ ಕ್ರಿಯಾಕ್ರಮವೂ: ಇಕ್ಷುಶರ್ಕರೆಯ ವಿಪರ್ಯಯದ ಚರಿತ್ರೆಯಿಂದೊಂದು ಪರಿಭಾಷಾವಿಚಾರ

ರಸಾಯನಶಾಸ್ತ್ರದಲ್ಲಿ ದ್ರವ್ಯಗಳು ಒಂದರೊಡನೊಂದು ಕೂಡಿ ಎಷ್ಟು ವೇಗದಿಂದ ಮಾರ್ಪಡುತ್ತವೆಂಬುದನ್ನು ವಿಚಾರಿಸುವ ಶಾಖೆಯೊಂದುಂಟು. ಅದರಲ್ಲಿ ಕ್ರಿಯಾಕ್ರಮವೆಂಬುದು ಮೊದಲು ತಿಳಿಯತಕ್ಕ ಪರಿಭಾಷೆ. ದ್ರಾವಣದ ಒಂದು ಲೀಟರಿನಲ್ಲಿ ಒಂದು ದ್ರವ್ಯವು ಎಷ್ಟಿದೆಯೋ ಅದು ಅದರ ಸಾರತೆ. ಸಾರತೆಯನ್ನು ಇಮ್ಮಡಿಸಿದರೆ ವೇಗವೂ ಇಮ್ಮಡಿಯಾಗುವುದಾದರೆ ಆ ದ್ರವ್ಯದ ವಿಷಯದಲ್ಲಿ ಕ್ರಿಯೆಯು ಪ್ರಥಮಕ್ರಮದ್ದು. ವೇಗವು ನಾಲ್ಮಡಿಯಾದರೆ ದ್ವಿತೀಯಕ್ರಮದ್ದು. ಏನೂ ವ್ಯತ್ಯಾಸವಾಗದಿದ್ದರೆ ಶೂನ್ಯಕ್ರಮದ್ದು. ಎಲ್ಲ ದ್ರವ್ಯಗಳ ಕ್ರಮಗಳನ್ನೂ ಕೂಡಿಸಿದರೆ ಇಡೀ ಕ್ರಿಯೆಯ ಕ್ರಮವು ದೊರೆಯುತ್ತದೆ. ಇಷ್ಟರಲ್ಲಿ ತೊಡಕೇನೂ ಇಲ್ಲ. ತೊಡಕು ಬರುವುದು, ಕೂಡುವ ಎರಡು ದ್ರವ್ಯಗಳಲ್ಲಿ ಒಂದು ಮತ್ತೊಂದಕ್ಕಿಂತ ಬಹಳ ಅಧಿಕವಾಗಿರುವಾಗ. ಆಗ ಎರಡು ದ್ರವ್ಯಗಳಿಂದ ನಡೆಯತಕ್ಕ ಕ್ರಿಯೆಯು ಒಂದೇ ದ್ರವ್ಯದ ಕ್ರಿಯೆಯೆಂಬಂತೆ ಲೆಕ್ಕಕ್ಕೆ ಸಿಕ್ಕುತ್ತದೆ. ಪಾಶ್ಚಾತ್ಯರು ಇದನ್ನು ‘ಸ್ಯೂಡೊ’ ಎಂಬ ಗ್ರೀಕ್ ಪೂರ್ವಪದವನ್ನು ಹಚ್ಚಿ ಹೆಸರಿಸುತ್ತಾರೆ. ಆ ಪೂರ್ವಪದಕ್ಕೆ ಕನ್ನಡದಲ್ಲಿ ‘ಮಿಥ್ಯಾ’ ಎಂದೋ ‘ಹುಸಿ’ ಎಂದೋ ಬರೆದುಬಿಡುವುದು ಸುಲಭವಾದ ದಾರಿ. ಆ ದಾರಿಯು ಸರಿಯಲ್ಲವೆಂದೂ, ಈ ವಿಷಯದ ಚರಿತ್ರೆಯನ್ನು ನೋಡಿದರೆ ‘ಮಿಥ್ಯೆ’ಯೆಂದು ಕರೆಯಲ್ಪಡುವುದೇ ಶಾಸ್ತ್ರಕ್ಕೆ ಆದಿಯಾಗಿತ್ತೆಂದು ಕಂಡುಬರುವುದೆಂದೂ ತೋರಿಸುವುದು ಈ ಲೇಖನದ ಉದ್ದೇಶ. ರಸಾಯನಶಾಸ್ತ್ರವು ನಾವು ಪಾಠಶಾಲೆಯಲ್ಲಿ ಓದಿದ ವಿಷಯವಲ್ಲ. ಆದರೆ ಪರಿಭಾಷೆಯನ್ನು ಕುರಿತ ಪ್ರಶ್ನೆಯು ಭಾಷೆಯನ್ನು ಬಲ್ಲವರದೂ ಹೌದಾದುದರಿಂದ, ಸಾಹಿತ್ಯವನ್ನು ಬೋಧಿಸುವ ಉಪಾಧ್ಯಾಯರ ಮುಂದೆ ಇದನ್ನಿಡುವುದು ಅನುಚಿತವಾಗಲಾರದು.

ವಿಷಯಕ್ಕೆ ಪ್ರವೇಶಿಸಲು ದೂರ ಹೋಗಬೇಕಾಗಿಲ್ಲ. ಮಂಗಳೂರಿನ ಕುದ್ರೋಳಿಯೆಂದರೆ ೧೯೧೨ರಲ್ಲಿ ನಾರಾಯಣಗುರುಗಳಿಂದ ಪ್ರತಿಷ್ಠಿತವಾದ ಗೋಕರ್ಣನಾಥನ ಸನ್ನಿಧಿಯು ಎಲ್ಲರಿಗೂ ನೆನಪಾಗುತ್ತದೆ. ಅನ್ಯ ದೇವಾಲಯಗಳಲ್ಲಿ ಪ್ರವೇಶವಿಲ್ಲದಿದ್ದ ಬಿಲ್ಲವ ಸಮುದಾಯದವರು ತಮ್ಮದೆಂಬುದೊಂದು ದೇವಾಲಯವನ್ನು ಇಲ್ಲಿ ಕಟ್ಟಿಕೊಂಡರು. ಆ ಸಮುದಾಯದ ಅನೇಕರಿಗೆ ಪರಂಪರೆಯಿಂದ ಬಂದ ವೃತ್ತಿಯು ತೆಂಗು, ತಾಳೆ, ಬೈನೆಮರಗಳಿಂದ ರಸವನ್ನಿಳಿಸುವುದು. ಇದನ್ನು ತುಳುನಾಡಿನಲ್ಲಿ ಮೂರ್ತೆಯೆನ್ನುತ್ತಾರೆ. ಗುರುಗಳು ತಮ್ಮ ಶಿಷ್ಯರಿಗೆ ಮದ್ಯದ ವೃತ್ತಿಯನ್ನು ಬಿಡಬೇಕೆಂದು ಉಪದೇಶಿಸಿದುದು ಪ್ರಸಿದ್ಧವಾಗಿದೆ. ಕಳ್ಳಿನ ಗುಣದೋಷಗಳು ನಮಗೆ ಪ್ರಕೃತವಲ್ಲ. ಕಳ್ಳಾಗುವುದಕ್ಕೆ ಮೊದಲು ಆ ರಸದಲ್ಲಿ ನಡೆಯುವ ಕ್ರಿಯೆಯು ಪ್ರಕೃತ.

ಮರದಿಂದ ಆಗತಾನೆ ಇಳಿದ ರಸವು ನೂರಕ್ಕೆ ಹತ್ತರಿಂದ ಹದಿನೈದರಷ್ಟು ಸಕ್ಕರೆಯುಳ್ಳದ್ದು. ಆ ಸಕ್ಕರೆಯು ಕಬ್ಬಿನ ಸಕ್ಕರೆಯೇ, ಎಂದರೆ ಸುಕ್ರೋಸು. ನಮ್ಮವರು ಇದನ್ನು ಇಕ್ಷುಶರ್ಕರೆಯೆಂದು ಕರೆಯಬಹುದು. ರಸವನ್ನು ಹಾಗೆಯೇ ಬಿಟ್ಟರೆ ಮಧ್ಯಾಹ್ನದೊಳಗೆ ಹುಳಿತು ಕಳ್ಳಾಗುತ್ತದೆ. ಓಲೆಬೆಲ್ಲವನ್ನು ಮಾಡಬೇಕೆನ್ನುವವರು ಮಡಕೆಯ ಒಳಮೈಗೆ ಮುಂಚಿತವಾಗಿ ಸುಣ್ಣವನ್ನು ಬಳಿದು ಮರಕ್ಕೆ ಕಟ್ಟುತ್ತಾರೆ. ಆಗ ರಸವು ಸಿಹಿಯಾಗಿಯೇ ಉಳಿಯುತ್ತದೆ, ಕಾಯಿಸಿದರೆ ಬೆಲ್ಲವು ಕಟ್ಟುತ್ತದೆ. ಸುಣ್ಣವಿಲ್ಲದ ಮಡಕೆಯ ರಸವನ್ನು ಎಷ್ಟು ಕಾಯಿಸಿದರೂ ಸರಿಯಾಗಿ ಹರಳುಗಟ್ಟದೆ ಅಂಟಂಟಾಗುವುದು. ಕಾರಣವೇನೆಂದರೆ, ಇಕ್ಷುಶರ್ಕರೆಯ ಒಂದು ಅಣುವು ನೀರಿನ ಒಂದು ಅಣುವಿನೊಡನೆ ಕೂಡಿ ಒಡೆದು ಎರಡು ಸಣ್ಣ ಸಕ್ಕರೆಗಳಾಗುತ್ತದೆ. ಅವುಗಳಲ್ಲಿ ಒಂದು ದ್ರಾಕ್ಷಾಶರ್ಕರೆ ಅಥವಾ ಗ್ಲೂಕೋಸು, ಮತ್ತೊಂದು ಫಲಶರ್ಕರೆ ಅಥವಾ ಫ್ರಕ್ಟೋಸು. ಆಮ್ಲವಿದ್ದರೆ ಈ ಒಡೆತವು ಬೇಗ ನಡೆಯುವುದು. ಹುದುಗಿನಲ್ಲಿರುವ ಕಿಣ್ವವಿದ್ದರೆ ಇನ್ನೂ ಬೇಗ. ಸುಣ್ಣವು ಆಮ್ಲವನ್ನೂ ಹುದುಗನ್ನೂ ತಡೆಯುತ್ತದೆ. ಮಂಡ್ಯದಲ್ಲಿ ೧೯೩೩ರಲ್ಲಿ ಸ್ಥಾಪಿತವಾದ ಮೈಸೂರು ಸಕ್ಕರೆ ಕಾರ್ಖಾನೆಯಂಥ ಕಡೆಗಳಲ್ಲಿ ಕಬ್ಬಿನ ಹಾಲಿಗೆ ಸುಣ್ಣವನ್ನು ಸೇರಿಸುವುದಕ್ಕೆ ಇರುವ ಕಾರಣಗಳಲ್ಲಿಯೂ ಇದೊಂದು.

ಈ ಒಡೆತಕ್ಕೆ ಶಾಸ್ತ್ರದಲ್ಲಿ ವಿಪರ್ಯಯವೆಂಬ ಅರ್ಥದ ಹೆಸರು ಬಂದಿದೆ. ಅದಕ್ಕೆ ಬೆಳಕು ಕಾರಣ. ಒಂದೇ ತಲದಲ್ಲಿ ಕಂಪಿಸುವಂತೆ ಮಾಡಿದ ಬೆಳಕನ್ನು ಇಕ್ಷುಶರ್ಕರೆಯ ದ್ರಾವಣದ ಮೂಲಕ ಹಾಯಿಸಿದರೆ ಆ ತಲವು ಬಲಕ್ಕೆ ತಿರುಗುವುದು. ಈ ತಿರುಗುವಿಕೆಯ ಪ್ರಮಾಣವು ಇಕ್ಷುಶರ್ಕರೆಗೆ ಬಲಕ್ಕೆ ೬೬.೫ ಅಂಶ, ದ್ರಾಕ್ಷಾಶರ್ಕರೆಗೆ ಬಲಕ್ಕೆ ಸುಮಾರು ೫೩, ಫಲಶರ್ಕರೆಗೆ ಎಡಕ್ಕೆ ಸುಮಾರು ೯೨. ಆದುದರಿಂದ ಒಡೆತವು ಮುಂದುವರಿದಂತೆಲ್ಲ ಬಲದ ತಿರುವು ಕುಗ್ಗುತ್ತ ಬಂದು, ಸೊನ್ನೆಯನ್ನು ದಾಟಿ, ಕೊನೆಗೆ ಎಡಕ್ಕೆ ಸುಮಾರು ೨೦ ಅಂಶದಲ್ಲಿ ನಿಲ್ಲುತ್ತದೆ. ಬಲವು ಎಡವಾದುದರಿಂದ ವಿಪರ್ಯಯ. ಫ್ರಾನ್ಸಿನ ಬಿಯೋ ಎಂಬ ವಿದ್ವಾಂಸನು ೧೮೩೦ರ ದಶಕದಲ್ಲಿ ಇದನ್ನು ಗಮನಿಸಿದನು. ಕ್ರಿಯೆಯನ್ನು ಮುಟ್ಟದೆ, ಕೆಡಿಸದೆ, ನಡುವೆ ನಿಲ್ಲಿಸದೆ, ಕೊಳವೆಯ ಹೊರಗಿನಿಂದಲೇ ಅದು ಎಲ್ಲಿಗೆ ಬಂದಿದೆಯೆಂಬುದನ್ನು ಓದಿಕೊಳ್ಳುವ ಉಪಾಯವೊಂದು ಹೀಗೆ ದೊರಕಿತು. ಕಾಲವನ್ನು ಅಳೆಯಬಯಸುವ ಶಾಸ್ತ್ರಕ್ಕೆ ಇದಕ್ಕಿಂತ ದೊಡ್ಡ ಅನುಕೂಲವು ಮತ್ತೊಂದಿರಲಾರದು.

ಈ ಅನುಕೂಲವನ್ನು ಉಪಯೋಗಿಸಿಕೊಂಡವನು ಲೂಡ್ವಿಗ್ ಫರ್ಡಿನಂಡ್ ವಿಲ್ಹೆಲ್ಮಿ (೧೮೧೨–೧೮೬೪). ಪೊಮರೇನಿಯಾ ಪ್ರಾಂತದಲ್ಲಿ ಹುಟ್ಟಿದ ಈತನು ಮೊದಲು ಔಷಧದಂಗಡಿಯನ್ನು ನಡೆಸುತ್ತಿದ್ದನು; ಆಮೇಲೆ ಅದನ್ನು ಮಾರಿ ವಿದ್ಯಾಭ್ಯಾಸಕ್ಕೆ ತೊಡಗಿದನು; ೧೮೪೬ರಲ್ಲಿ ಹೈಡೆಲ್ಬೆರ್ಗಿನಲ್ಲಿ ಪದವಿಯನ್ನು ಪಡೆದು ಅಲ್ಲಿಯೇ ಕೆಲವು ವರ್ಷ ಅಧ್ಯಾಪಕನಾಗಿದ್ದನು. ಆಮ್ಲಗಳು ಕಬ್ಬಿನ ಸಕ್ಕರೆಯ ಮೇಲೆ ಮಾಡುವ ಕಾರ್ಯದ ನಿಯಮವನ್ನು ಕುರಿತ ಅವನ ಲೇಖನವು ೧೮೫೦ರಲ್ಲಿ ಪೊಗ್ಗೆನ್‌ಡೋರ್ಫನ ಪತ್ರಿಕೆಯಲ್ಲಿ ಪ್ರಕಟವಾಯಿತು. ಸಕ್ಕರೆಯ ದ್ರಾವಣಕ್ಕೆ ನೈಟ್ರಿಕ್ ಆಮ್ಲವೇ ಮೊದಲಾದವನ್ನು ಸೇರಿಸಿ, ಹೊತ್ತುಹೊತ್ತಿಗೆ ಬೆಳಕಿನ ತಿರುವನ್ನು ಬರೆದಿಟ್ಟುಕೊಂಡು, ಅವನು ಕಂಡ ನಿಯಮವಿದು: ಯಾವ ಕ್ಷಣದಲ್ಲಿಯೂ ಸಕ್ಕರೆಯು ಕಳೆದುಹೋಗುವ ವೇಗವು ಆ ಕ್ಷಣದಲ್ಲಿ ಉಳಿದಿರುವ ಸಕ್ಕರೆಯ ಪರಿಮಾಣಕ್ಕೆ ಅನುಸಾರವಾಗಿದೆ. ಹೀಗಿರುವಲ್ಲಿ ಸಕ್ಕರೆಯ ಅರ್ಧಭಾಗವು ಒಡೆಯಲು ಎಷ್ಟು ಹೊತ್ತು ಬೇಕೋ, ಉಳಿದ ಅರ್ಧದ ಅರ್ಧವು ಒಡೆಯಲಿಕ್ಕೂ ಅಷ್ಟೇ ಹೊತ್ತು, ಅದರ ಅರ್ಧಕ್ಕೂ ಅಷ್ಟೇ. ಅರ್ಧಕಾಲವು ಬದಲಾಗದಿರುವುದೇ ಪ್ರಥಮಕ್ರಮದ ಮುದ್ರೆ. ರಾಸಾಯನಿಕ ಕ್ರಿಯೆಯೊಂದರ ಕಾಲಗತಿಯನ್ನು ಗಣಿತದ ಸಮೀಕರಣದಲ್ಲಿ ಹಿಡಿದುದು ಇದೇ ಮೊದಲೆಂದು ಚರಿತ್ರಕಾರರು ಒಪ್ಪುತ್ತಾರೆ.

ಆ ಸಮೀಕರಣವನ್ನು ಒಮ್ಮೆ ಸಾವಧಾನವಾಗಿ ನೋಡಬೇಕು. ಅದರಲ್ಲಿ ಸಕ್ಕರೆಗೊಂದು ಅಕ್ಷರವಿದೆ, ಆಮ್ಲಕ್ಕೊಂದು ಅಕ್ಷರವಿದೆ, ಕಾಲಕ್ಕೊಂದಿದೆ, ಬದಲಾಗದ ಗುಣಕಕ್ಕೊಂದಿದೆ. ನೀರಿಗೆ ಯಾವ ಅಕ್ಷರವೂ ಇಲ್ಲ. ಸಕ್ಕರೆಯ ಒಂದೊಂದು ಅಣುವಿಗೂ ಒಂದೊಂದು ಅಣುವಿನಂತೆ ವ್ಯಯವಾಗತಕ್ಕ, ಅದಿಲ್ಲದೆ ಕ್ರಿಯೆಯೇ ನಡೆಯದ ದ್ರವ್ಯಕ್ಕೆ ಸಮೀಕರಣದಲ್ಲಿ ಸ್ಥಾನವೇ ಇಲ್ಲ! ಇದನ್ನು ವಿಲ್ಹೆಲ್ಮಿಯ ದೋಷವೆಂದು ಎಣಿಸಲಾಗದು. ಲೆಕ್ಕವನ್ನು ನೋಡೋಣ. ಒಂದು ಲೀಟರು ದ್ರಾವಣದಲ್ಲಿ ೩೪.೨ ಗ್ರಾಮು ಇಕ್ಷುಶರ್ಕರೆಯಿದ್ದರೆ ಅದು ಒಂದು ಮೋಲಿನ ಹತ್ತನೆಯ ಒಂದು ಪಾಲು. (ಮೋಲೆಂದರೆ ಅಣುಗಳನ್ನೆಣಿಸುವ ಒಂದು ದೊಡ್ಡ ಅಳತೆ, ಕೊಳಗದಿಂದ ಭತ್ತವನ್ನಳೆಯುವಂತೆ.) ಅದೇ ದ್ರಾವಣದಲ್ಲಿ ನೀರು ಸುಮಾರು ೫೪ ಮೋಲು ಇರುತ್ತದೆ. ಸಕ್ಕರೆಯೆಲ್ಲವೂ ಒಡೆದುಹೋಗುವಾಗ ವ್ಯಯವಾಗುವ ನೀರು ಮೋಲಿನ ಹತ್ತನೆಯ ಒಂದು ಪಾಲು, ಎಂದರೆ ೧.೮ ಗ್ರಾಮು ಮಾತ್ರ. ಇದ್ದ ನೀರಿನ ಸುಮಾರು ೫೪೦ರಲ್ಲೊಂದು ಅಂಶ. ಸಕ್ಕರೆಯು ನೂರರಿಂದ ಸೊನ್ನೆಗಿಳಿಯುವಷ್ಟರಲ್ಲಿ ನೀರು ನೂರರಿಂದ ತೊಂಬತ್ತೊಂಬತ್ತೂ ಮುಕ್ಕಾಲಿಗೂ ಇಳಿಯುವುದಿಲ್ಲ. ವಿಲ್ಹೆಲ್ಮಿಯ ಉಪಕರಣಕ್ಕೆ ಆ ಇಳಿತವು ಕಾಣಿಸುವಂತಿರಲಿಲ್ಲ. ಕಾಣಿಸಿದ್ದರೂ ನಿಯಮವು ಕೆಡುತ್ತಿರಲಿಲ್ಲ.

ಇಲ್ಲಿ ನಮ್ಮ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳುತ್ತೇವೆ. ವಿಲ್ಹೆಲ್ಮಿಯು ಎರಡು ದ್ರವ್ಯಗಳನ್ನು ಸಮಸಮವಾಗಿ ಬೆರಸಿ ನಡೆಯಿಸತಕ್ಕ ಕ್ರಿಯೆಯೊಂದನ್ನು ಆರಿಸಿಕೊಂಡಿದ್ದರೆ, ಎರಡೂ ಏಕಕಾಲದಲ್ಲಿ ಕುಗ್ಗುತ್ತಿರಲು, ಯಾವುದರ ಕುಗ್ಗುವಿಕೆಯು ವೇಗವನ್ನೆಷ್ಟು ತಗ್ಗಿಸಿತೆಂದು ಬೇರ್ಪಡಿಸುವುದು ಮೊದಲ ಪ್ರಯತ್ನದಲ್ಲಿ ಬಹು ಕಷ್ಟವಾಗುತ್ತಿತ್ತು. ಅವನ ಕೊಳವೆಯಲ್ಲಿ ನೀರು ತಾನೇ ಹಿಂದೆ ಸರಿದು ನಿಂತು ಸಕ್ಕರೆಯೊಂದನ್ನೇ ರಂಗಕ್ಕೆ ಬಿಟ್ಟಿತು. ನೀರಿನ ಆಧಿಕ್ಯವೇ ಈ ಶಾಸ್ತ್ರಕ್ಕೆ ಮೊದಲ ನಿಯಮವನ್ನು ಕೊಟ್ಟಿತು. ಆದರೂ ಲೇಖನವು ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಯಾರ ಗಮನಕ್ಕೂ ಬರಲಿಲ್ಲ. ೧೮೮೪ರ ಹೊತ್ತಿಗೆ ಒಸ್ವಾಲ್ಡನು ಅದನ್ನು ಎತ್ತಿ ತೋರಿಸುವಷ್ಟರಲ್ಲಿ ಗ್ರಂಥಕರ್ತನು ತೀರಿಕೊಂಡು ಇಪ್ಪತ್ತು ವರ್ಷವಾಗಿತ್ತು.

ಆಮ್ಲದ ವಿಷಯವು ಬೇರೆ. ಅದಕ್ಕೆ ಸಮೀಕರಣದಲ್ಲಿ ಅಕ್ಷರವಿದ್ದರೂ ಅದು ಕ್ರಿಯೆಯುದ್ದಕ್ಕೂ ಕಡಮೆಯಾಗುವುದಿಲ್ಲ. ನೀರೂ ಬದಲಾಗದು, ಆಮ್ಲವೂ ಬದಲಾಗದು. ಆದರೆ ಎರಡಕ್ಕೂ ಹೇತುವು ಒಂದೇ ಅಲ್ಲ. ನೀರು ವ್ಯಯವಾಗುತ್ತದೆ, ಆದರೆ ಅಧಿಕವಾಗಿರುವುದರಿಂದ ವ್ಯಯವು ತೋರದು. ಆಮ್ಲವು ಕ್ರಿಯೆಯಲ್ಲಿ ಸೇರಿ ಮತ್ತೆ ಬಿಡುಗಡೆಯಾಗುವುದರಿಂದ ವ್ಯಯವಾಗುವುದೇ ಇಲ್ಲ. ಮೂರನೆಯದೊಂದು ಬಗೆಯೂ ಉಂಟು. ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಹಾರ್ಕೋರ್ಟ್ ಎಂಬ ರಸಾಯನಜ್ಞನೂ ಎಸ್ಸನ್ ಎಂಬ ಗಣಿತಜ್ಞನೂ ಕೂಡಿ ೧೮೬೦ರ ದಶಕದಲ್ಲಿ ಹೈಡ್ರೊಜನ್ ಪೆರಾಕ್ಸೈಡು ಅಯೊಡೈಡಿನ ಮೇಲೆ ನಡೆಸುವ ಕ್ರಿಯೆಯನ್ನು ಪರೀಕ್ಷಿಸಿದರು. ಅಲ್ಲಿ ಅಯೊಡೈಡು ಅಯೊಡಿನ್ ಆಗುತ್ತದೆ; ಇವರು ಥಯೊಸಲ್ಫೇಟನ್ನು ಆಗಾಗ ಸ್ವಲ್ಪಸ್ವಲ್ಪವಾಗಿ ಸೇರಿಸುತ್ತ ಬಂದುದರಿಂದ ಹುಟ್ಟಿದ ಅಯೊಡಿನ್ನು ಕೂಡಲೇ ಅಯೊಡೈಡಾಗಿ ಹಿಂದಿರುಗುತ್ತಿತ್ತು. ಹೀಗೆ ವ್ಯಯವಾದುದನ್ನು ತುಂಬಿಸುತ್ತ ಒಂದನ್ನು ಸ್ಥಿರವಾಗಿರಿಸಿ, ಪೆರಾಕ್ಸೈಡೊಂದೇ ಕುಗ್ಗುವಂತೆ ಮಾಡಿದರು. ಆಧಿಕ್ಯ, ಪುನರುತ್ಪತ್ತಿ, ಪೂರಣ: ಸ್ಥಿರತೆಗೆ ಕಾರಣಗಳು ಮೂರು, ಕಾಣುವ ಫಲ ಒಂದೇ. ಪಠ್ಯಪುಸ್ತಕಗಳನ್ನು ಬರೆಯುವವರು ಈ ಮೂರನ್ನೂ ಒಂದೇ ಗಂಟಿನಲ್ಲಿ ಕಟ್ಟಿಬಿಡುವುದುಂಟು. ಅದು ನಮಗೆ ಸಮ್ಮತವಲ್ಲ.

ನಾರ್ವೆ ದೇಶದ ಗುಲ್ಡ್‌ಬೆರ್ಗ್ ಮತ್ತು ವಾಗೆ ಎಂಬವರು ೧೮೬೪ರಲ್ಲಿ ದ್ರವ್ಯಗಳ ಪರಿಮಾಣಕ್ಕೂ ಕ್ರಿಯೆಗೂ ಇರುವ ಸಂಬಂಧವನ್ನು ಸಾಮಾನ್ಯ ನಿಯಮವಾಗಿ ಪ್ರತಿಪಾದಿಸಿದರು. ವಾಂಟ್ ಹಾಫನು ೧೮೮೪ರಲ್ಲಿ ಆಂಸ್ಟರ್ಡಾಮಿನಿಂದ ಹೊರಡಿಸಿದ ಗ್ರಂಥದಲ್ಲಿ, ಎಷ್ಟು ಅಣುಗಳು ಕೂಡಿ ಕ್ರಿಯೆ ನಡೆಯುವುದೆಂಬುದನ್ನು ಅನುಸರಿಸಿ ಕ್ರಿಯೆಗಳನ್ನು ವರ್ಗೀಕರಿಸಿದನು. ಇಲ್ಲಿಯೇ ಇಕ್ಷುಶರ್ಕರೆಯು ತೊಡಕನ್ನು ತಂದೊಡ್ಡಿತು. ಅದರ ಒಡೆತದಲ್ಲಿ ಸೇರುವ ಅಣುಗಳು ಎರಡು, ಆದರೆ ಅಳೆದರೆ ದೊರೆಯುವ ನಿಯಮವು ಒಂದು ಅಣುವಿನದು. ಅಣುಗಳ ಎಣಿಕೆ ಬೇರೆ, ವೇಗನಿಯಮದಲ್ಲಿ ತೋರುವ ಘಾತ ಬೇರೆ, ಎರಡನ್ನೂ ಒಂದೇ ಶಬ್ದದಿಂದ ಹೇಳಬಾರದೆಂಬ ವಿವೇಕವು ಕ್ರಮವಾಗಿ ಬೆಳೆಯಿತು. ಎರಡನೆಯದಕ್ಕೆ ‘ಕ್ರಮ’ವೆಂಬ ಅರ್ಥದ ಹೆಸರನ್ನು ಕೊಟ್ಟವನು ಒಸ್ವಾಲ್ಡ್ (೧೮೮೭). ಅಣುಗಳ ಎಣಿಕೆಯು ಕ್ರಿಯೆಯ ಒಳಮರ್ಮವನ್ನು ಕುರಿತ ಊಹೆ. ಕ್ರಮವು ಪ್ರತ್ಯಕ್ಷದಿಂದ ಬಂದ ಫಲ. ಇದು ನೆನಪಿನಲ್ಲಿರತಕ್ಕ ಭೇದ.

ವಿಲ್ಹೆಲ್ಮಿಗೆ ಅಯತ್ನವಾಗಿ ಒದಗಿದುದನ್ನು ಯತ್ನಪೂರ್ವಕವಾದ ವಿಧಾನವಾಗಿ ಮಾಡಿದವನೂ ಒಸ್ವಾಲ್ಡನೇ. ಇದನ್ನು ಪೃಥಕ್ಕರಣವಿಧಾನವೆನ್ನೋಣ. ‘ಕ’ ಮತ್ತು ‘ಖ’ ಎಂಬ ಎರಡು ದ್ರವ್ಯಗಳಿವೆ, ಒಂದಕ್ಕೊಂದರಂತೆ ಕೂಡುತ್ತವೆ, ಎರಡರ ವಿಷಯದಲ್ಲಿಯೂ ಕ್ರಿಯೆಯು ಪ್ರಥಮಕ್ರಮದ್ದು ಎಂದಿಟ್ಟುಕೊಳ್ಳೋಣ. ಒಟ್ಟು ಕ್ರಮವು ಎರಡು. ಎರಡನ್ನೂ ಸಮವಾಗಿ ತೆಗೆದುಕೊಂಡರೆ, ಮೊದಲ ಅರ್ಧವು ಮುಗಿಯಲು ಒಂದು ಗಂಟೆ ಹಿಡಿದಲ್ಲಿ ಉಳಿದುದರ ಅರ್ಧಕ್ಕೆ ಎರಡು ಗಂಟೆ, ಅದರ ಮುಂದಿನ ಅರ್ಧಕ್ಕೆ ನಾಲ್ಕು ಗಂಟೆ ಹಿಡಿಯುವುದು. ಅರ್ಧಕಾಲವು ಇಮ್ಮಡಿಸುತ್ತ ಹೋಗುತ್ತದೆ. ಈಗ ‘ಕ’ವು ಒಂದು ಪಾಲು, ‘ಖ’ವು ನೂರು ಪಾಲು ಎಂದು ತೆಗೆದುಕೊಳ್ಳೋಣ. ‘ಕ’ವು ಪೂರ್ತಿಯಾಗಿ ಮುಗಿದರೂ ‘ಖ’ವು ನೂರರಿಂದ ತೊಂಬತ್ತೊಂಬತ್ತಕ್ಕೆ ಇಳಿಯುವುದಷ್ಟೆ. ಮೊದಲ ಅರ್ಧಕಾಲಕ್ಕೂ ಎರಡನೆಯದಕ್ಕೂ ಇರುವ ವ್ಯತ್ಯಾಸವು ನೂರಕ್ಕೆ ಅರ್ಧಪಾಲಿಗಿಂತಲೂ ಕಡಮೆ. ಅಳೆಯುವವನ ಕೈತಪ್ಪಿನೊಳಗೆ ಅದು ಅಡಗಿಹೋಗುವುದು. ‘ಖ’ವು ಹತ್ತೇ ಪಾಲಾಗಿದ್ದರೆ ವ್ಯತ್ಯಾಸವು ನೂರಕ್ಕೆ ಸುಮಾರು ನಾಲ್ಕರಷ್ಟು; ಎಚ್ಚರಿಕೆಯುಳ್ಳವನಿಗೆ ಅದು ಕಾಣಿಸುವುದು. ಆದುದರಿಂದ ಅಧಿಕವೆಂದರೆ ಎಷ್ಟೆಂಬುದು ಅಳತೆಯ ಸೂಕ್ಷ್ಮತೆಯನ್ನು ಅವಲಂಬಿಸಿದೆ, ಅದಕ್ಕೆ ಬೇರೆ ಗೆರೆಯಿಲ್ಲ.

ಆದರೆ ‘ಖ’ವು ಎಲ್ಲಿಗೆ ಹೋಯಿತು? ಎಲ್ಲಿಗೂ ಹೋಗಲಿಲ್ಲ. ಪ್ರಥಮಕ್ರಮದ ಸಮೀಕರಣದಲ್ಲಿ ಬದಲಾಗದೆ ಕುಳಿತಿರುವ ಗುಣಕವಿದೆಯಲ್ಲ, ಅದರೊಳಗೆ ‘ಖ’ದ ಸಾರತೆಯು ಸೇರಿಕೊಂಡಿದೆ. ಸಾಕ್ಷಿಯನ್ನು ಕೇಳುವವರು ‘ಖ’ವನ್ನು ನೂರು ಪಾಲಿನ ಬದಲು ಇನ್ನೂರು ಪಾಲು ತೆಗೆದುಕೊಂಡು ಪರೀಕ್ಷೆಯನ್ನು ಪುನಃ ಮಾಡಬಹುದು. ‘ಕ’ದ ವಿಷಯದಲ್ಲಿ ಕ್ರಿಯೆಯು ಪ್ರಥಮಕ್ರಮವಾಗಿಯೇ ಇರುವುದು, ಆದರೆ ಗುಣಕವು ಇಮ್ಮಡಿಸಿರುವುದು. ಇಮ್ಮಡಿಸಿದರೆ ‘ಖ’ದ ವಿಷಯದಲ್ಲಿ ಕ್ರಮವು ಒಂದು, ನಾಲ್ಮಡಿಸಿದರೆ ಎರಡು, ಇದ್ದಂತೆಯೇ ಇದ್ದರೆ ಸೊನ್ನೆ. ಅಡಗಿಸಿಟ್ಟ ದ್ರವ್ಯದ ಕ್ರಮವನ್ನು ಅಡಗಿಸಿಟ್ಟೇ ಕಂಡುಹಿಡಿಯುವ ಈ ಉಪಾಯವು ಬಹಳ ಸ್ವಾರಸ್ಯವಾದುದೆಂದು ನಮಗೆ ತೋರುತ್ತದೆ. ಎಥಿಲ್ ಅಸಿಟೇಟೆಂಬ ದ್ರವ್ಯವು ಇದಕ್ಕೆ ಒಳ್ಳೆಯ ಉದಾಹರಣೆ. ಕ್ಷಾರದೊಡನೆ ಸಮವಾಗಿ ಬೆರಸಿದರೆ ಅದು ದ್ವಿತೀಯಕ್ರಮದಲ್ಲಿ ಒಡೆಯುವುದೆಂದು ಅಮೆರಿಕದ ವಾರ್ಡರ್ ಎಂಬವನು ೧೮೮೧ರಲ್ಲಿ ತೋರಿಸಿದನು. ಅದೇ ಕ್ಷಾರವನ್ನು ಅತಿಯಾಗಿ ಹಾಕಿದರೆ ಪ್ರಥಮಕ್ರಮ. ದ್ರವ್ಯವೂ ಅದೇ, ಕ್ರಿಯೆಯೂ ಅದೇ, ಬದಲಾದುದು ಪಾಲು.

ಇನ್ನು ಪರಿಭಾಷೆಗೆ ಬರೋಣ. ಕನ್ನಡದಲ್ಲಿ ಶಾಸ್ತ್ರವಿಷಯಗಳನ್ನು ಬರೆಯುವ ಪ್ರಯತ್ನವು ಹೊಸದಲ್ಲ. ೧೯೧೮ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ಬೆಂಗಳೂರಿನಿಂದ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿದಾಗಿನಿಂದ ಪದಗಳ ಆಯ್ಕೆಯು ನಮ್ಮವರನ್ನು ಕಾಡುತ್ತಲೇ ಬಂದಿದೆ. ಪದವೊಂದು ಕಿವಿಗೆ ಒಗ್ಗಿದರೆ ಸಾಲದು, ವಸ್ತುವನ್ನು ವಿರೋಧಿಸಬಾರದು. ‘ಮಿಥ್ಯಾಪ್ರಥಮಕ್ರಮ’ವೆಂಬುದು ವಸ್ತುವನ್ನು ವಿರೋಧಿಸುತ್ತದೆ. ಮಿಥ್ಯೆಯೆಂದರೆ ಹಗ್ಗದಲ್ಲಿ ತೋರಿದ ಹಾವು. ದೀಪವನ್ನು ತಂದರೆ ಬಾಧಿತವಾಗತಕ್ಕದ್ದು. ವಿಲ್ಹೆಲ್ಮಿಯ ನಿಯಮವನ್ನು ಯಾವ ದೀಪವೂ ಬಾಧಿಸಲಿಲ್ಲ. ಆ ದ್ರಾವಣದಲ್ಲಿ, ಆ ನೀರಿನಲ್ಲಿ, ವೇಗವು ಸಕ್ಕರೆಯೊಂದನ್ನೇ ಅನುಸರಿಸುತ್ತದೆಂಬುದು ಇಂದಿಗೂ ಸತ್ಯವೇ. ೧೮೮೯ರಲ್ಲಿ ಅರ್ಹೇನಿಯಸನು ಶಾಖಕ್ಕೂ ವೇಗಕ್ಕೂ ಇರುವ ಸಂಬಂಧವನ್ನು ಸ್ಥಾಪಿಸಿದುದು ಇದೇ ಸಕ್ಕರೆಯ ವಿಪರ್ಯಯವನ್ನು ಹಿಡಿದು.

ಹಾಗಾದರೆ ಯಾವ ಪದವು ಯುಕ್ತ? ‘ಔಪಾಧಿಕ’ವೆಂಬುದು ಶಾಸ್ತ್ರಪರಿಚಯವುಳ್ಳವರಿಗೆ ಥಟ್ಟನೆ ಹೊಳೆಯಬಹುದು, ದಾಸವಾಳದ ಬಳಿಯಿರುವ ಸ್ಫಟಿಕವು ಕೆಂಪಾಗಿ ತೋರುವ ದೃಷ್ಟಾಂತವು ಅದರ ಜೊತೆಗೆ ನೆನಪಿಗೆ ಬರುವುದು. ಆದರೆ ಆ ದೃಷ್ಟಾಂತವು ನಮಗೆ ಪ್ರತಿಕೂಲವಾದುದು. ಕೆಂಪು ಸ್ಫಟಿಕದಲ್ಲಿ ನಿಜವಾಗಿ ಇಲ್ಲ. ಪ್ರಥಮಕ್ರಮವು ದ್ರಾವಣದಲ್ಲಿ ನಿಜವಾಗಿ ಇದೆ. ನೈಯಾಯಿಕರ ಮತ್ತೊಂದು ದೃಷ್ಟಾಂತವು ಇಲ್ಲಿಗೆ ಹೆಚ್ಚು ಒಪ್ಪುವುದು. ಬೆಂಕಿಯಿದ್ದಲ್ಲೆಲ್ಲ ಹೊಗೆಯಿದೆಯೆಂದು ಹೇಳಿದರೆ, ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದರೂ ಹೊಗೆಯಿಲ್ಲವಾದುದರಿಂದ ಆ ವ್ಯಾಪ್ತಿಯು ನಿಲ್ಲುವುದಿಲ್ಲ. ಹಸಿಯ ಸೌದೆಯ ಸಂಯೋಗವೆಂಬ ಉಪಾಧಿಯಿದ್ದಲ್ಲಿ ಮಾತ್ರ ಬೆಂಕಿಗೆ ಹೊಗೆಯು ಜೊತೆಯಾಗುವುದು. ಇಲ್ಲಿ ಹೊಗೆಯು ಸುಳ್ಳೇ? ಕಣ್ಣುರಿಸಿಕೊಂಡ ಅಡುಗೆಯವನನ್ನು ಕೇಳಿದರೆ ಗೊತ್ತಾಗುವುದು. ಹೊಗೆಯು ನಿಜ, ನಿಯಮವು ಸೋಪಾಧಿಕ. ಹಾಗೆಯೇ, ವೇಗವು ಸಕ್ಕರೆಯೊಂದನ್ನೇ ಅನುಸರಿಸುವುದೆಂಬ ನಿಯಮಕ್ಕೆ ನೀರಿನ ಆಧಿಕ್ಯವು ಉಪಾಧಿ. ಆ ಉಪಾಧಿಯಿರುವಷ್ಟು ಹೊತ್ತು ನಿಯಮವು ನಿಜ. ಆದುದರಿಂದ ‘ಸೋಪಾಧಿಕ ಪ್ರಥಮಕ್ರಮ’ವೆಂಬ ಪದವನ್ನು ವಿದ್ವಾಂಸರ ಪರಾಮರ್ಶೆಗಾಗಿ ಸೂಚಿಸುತ್ತೇವೆ. ಬಾಲಕರಿಗೆ ಅದು ಕಠಿನವೆಂದು ಆಕ್ಷೇಪಿಸುವವರು ‘ಷರತ್ತಿನ ಪ್ರಥಮಕ್ರಮ’ವೆಂದರೂ ನಮಗೆ ವಿರೋಧವಿಲ್ಲ, ‘ಹುಸಿ’ಯೆಂದರೆ ಉಂಟು.

ವೈಯಾಕರಣರಿಗೆ ಇನ್ನೊಂದು ಸಾದೃಶ್ಯವನ್ನು ಹೇಳಬಹುದು. ಪಾಣಿನಿಯ ಮತದಲ್ಲಿ ಲೋಪವೆಂದರೆ ನಾಶವಲ್ಲ, ಕಾಣದಿರುವುದು. ಪ್ರತ್ಯಯವು ಲೋಪವಾದರೂ ಅದನ್ನು ನಿಮಿತ್ತವಾಗಿಟ್ಟುಕೊಂಡ ಕಾರ್ಯವು ನಡೆಯುವುದು. ‘ಅಗ್ನಿಚಿತ್’ ಎಂಬ ಶಬ್ದದಲ್ಲಿ ಕ್ವಿಪ್ ಪ್ರತ್ಯಯದ ಒಂದು ವರ್ಣವೂ ಉಳಿದಿಲ್ಲ. ಆದರೆ ಕೊನೆಯಲ್ಲಿರುವ ತಕಾರವು ಬಂದುದು ಆ ಕ್ವಿಪ್ಪಿನ ನಿಮಿತ್ತದಿಂದ. ಗುಣಕದೊಳಗೆ ಅಡಗಿದ ನೀರು ಕ್ವಿಪ್ಪಿನಂತೆ. ತಾನು ಕಾಣದು, ತನ್ನ ಕೆಲಸವು ಕಾಣುವುದು. ನಮ್ಮ ಕನ್ನಡದ ಲೋಪಸಂಧಿಯು ಇದಕ್ಕೆ ಸರಿಹೋಗಲಾರದು. ‘ಊರಲ್ಲಿ’ ಎಂಬಲ್ಲಿ ಹೋದ ಉಕಾರವು ಯಾವ ಕುರುಹನ್ನೂ ಬಿಟ್ಟುಹೋಗಿಲ್ಲವಷ್ಟೆ.

ಇಷ್ಟರವರೆಗೆ ಹೇಳಿದ ಆಧಿಕ್ಯವೆಲ್ಲ ಸಕ್ಕರೆಯ ಜೊತೆಗಾರನಾದ ನೀರಿನದು. ಸಕ್ಕರೆಯೇ ಅಧಿಕವಾದರೆ ಏನಾಗುವುದೆಂಬುದು ಈ ಚರಿತ್ರೆಯ ಎರಡನೆಯ ಅಧ್ಯಾಯ. ಅದಕ್ಕೆ ಆಮ್ಲವನ್ನು ಬಿಟ್ಟು ಕಳ್ಳಿನ ಹುದುಗಿಗೆ ಬರಬೇಕು. ಹುದುಗಿನಲ್ಲಿ ಇಕ್ಷುಶರ್ಕರೆಯನ್ನು ಒಡೆಯುವ ಇನ್ವರ್ಟೇಸ್ ಎಂಬ ಕಿಣ್ವವಿದೆ. (ಕಿಣ್ವವೆಂಬ ಶಬ್ದವು ಸಂಸ್ಕೃತದಲ್ಲಿ ಮದ್ಯದ ಬೀಜಕ್ಕೆ ಪ್ರಾಚೀನವಾದ ಹೆಸರು, ಜಡದಿಂದ ಚೈತನ್ಯವು ಹುಟ್ಟುವುದಕ್ಕೆ ಲೋಕಾಯತರು ಕೊಡುತ್ತಿದ್ದುದು ಕಿಣ್ವಾದಿಗಳಿಂದ ಮದಶಕ್ತಿಯು ಹುಟ್ಟುವ ದೃಷ್ಟಾಂತವನ್ನೇ. ಈಗಿನವರು ಅದನ್ನು ಶಾಸ್ತ್ರಪದವನ್ನಾಗಿ ಎತ್ತಿಕೊಂಡುದು ಪರಿಭಾಷಾನಿರ್ಮಾಣದ ಒಂದು ಸೊಗಸಾದ ನಿದರ್ಶನ.) ಈ ಕಿಣ್ವದ ಕ್ರಿಯೆಯೂ ಆಮ್ಲದ ಕ್ರಿಯೆಯಂತೆ ವಿಲ್ಹೆಲ್ಮಿಯ ನಿಯಮವನ್ನೇ ಅನುಸರಿಸುವುದೆಂದು ಓ’ಸಲಿವನ್ ಮತ್ತು ಟಾಂಸನ್ ಎಂಬವರು ೧೮೯೦ರಲ್ಲಿ ಪ್ರತಿಪಾದಿಸಿದರು. ೧೯೦೨ರಲ್ಲಿ ಏಡ್ರಿಯನ್ ಬ್ರೌನನು ಬೇರೆಯದನ್ನು ಕಂಡನು. ಸಕ್ಕರೆಯು ಸಾಕಷ್ಟು ಹೆಚ್ಚಾಗಿದ್ದರೆ ಅದನ್ನು ಇನ್ನಷ್ಟು ಹೆಚ್ಚಿಸಿದರೂ ವೇಗವು ಹೆಚ್ಚುವುದಿಲ್ಲ; ಗಂಟೆಗೆ ಒಡೆಯುವ ಸಕ್ಕರೆಯು ಇಷ್ಟೇ ಎಂದು ನಿಂತುಬಿಡುತ್ತದೆ. ಎಂದರೆ ಸಕ್ಕರೆಯ ವಿಷಯದಲ್ಲಿ ಕ್ರಮವು ಸೊನ್ನೆ.

ಕಾರಣವು ಹೀಗೆ: ಕಿಣ್ವದ ಒಂದೊಂದು ಅಣುವೂ ಮೊದಲು ಸಕ್ಕರೆಯ ಅಣುವನ್ನು ಹಿಡಿದುಕೊಂಡು ಆಮೇಲೆ ಒಡೆಯಬೇಕು. ಕಡವಿನಲ್ಲಿ ದೋಣಿಗಳು ಕೆಲವೇ ಇದ್ದು ದಾಟುವವರು ಸಾವಿರ ಮಂದಿಯಿದ್ದರೆ, ಇನ್ನೂ ಸಾವಿರ ಜನರು ಬಂದು ದಡದಲ್ಲಿ ನಿಂತ ಮಾತ್ರಕ್ಕೆ ದಾಟುವ ವೇಗವು ಹೆಚ್ಚಲಾರದಷ್ಟೆ. ಜನರು ವಿರಳವಾದಾಗ ಮಾತ್ರ, ಬಂದವರೆಷ್ಟೋ ದಾಟಿದವರಷ್ಟು. ವಿಕ್ತೋರ್ ಆನ್ರಿಯು ೧೯೦೩ರಲ್ಲಿ ಇದಕ್ಕೆ ಸಮೀಕರಣವನ್ನು ರಚಿಸಿದನು. ೧೯೧೩ರಲ್ಲಿ ಬರ್ಲಿನಿನಲ್ಲಿ ಲೆಯೊನೋರ್ ಮಿಖಾಯೆಲಿಸನೂ ಕೆನಡಾ ದೇಶದಿಂದ ಬಂದಿದ್ದ ಮಾಡ್ ಮೆಂಟೆನ್ ಎಂಬ ವಿದುಷಿಯೂ ಅದನ್ನು ಪರಿಷ್ಕರಿಸಿ ಪ್ರಯೋಗಗಳಿಂದ ದೃಢಪಡಿಸಿದರು. ಅವರ ಸಮೀಕರಣದಲ್ಲಿ ಸಕ್ಕರೆಯು ಅಲ್ಪವಾಗಿದ್ದರೆ ಪ್ರಥಮಕ್ರಮ, ಅಧಿಕವಾಗಿದ್ದರೆ ಶೂನ್ಯಕ್ರಮ, ನಡುವೆ ಪೂರ್ಣಸಂಖ್ಯೆಯಿಂದ ಹೇಳಲಾಗದ ಸ್ಥಿತಿ. ನೀರಿನ ಆಧಿಕ್ಯದಿಂದ ಎರಡು ಒಂದಾಯಿತು. ಸಕ್ಕರೆಯ ಆಧಿಕ್ಯದಿಂದ ಒಂದು ಸೊನ್ನೆಯಾಯಿತು. ಆದರೆ ಈ ಎರಡು ಆಧಿಕ್ಯಗಳ ರೀತಿಯು ಒಂದೇ ಅಲ್ಲ. ಮೊದಲನೆಯದರಲ್ಲಿ ಅಧಿಕದ್ರವ್ಯದ ಸಾರತೆಯು ಗುಣಕದಲ್ಲಿ ಸೇರಿರುವುದರಿಂದ, ಅದನ್ನು ಇಮ್ಮಡಿಸಿದರೆ ವೇಗವು ಹೆಚ್ಚುವುದು. ಎರಡನೆಯದರಲ್ಲಿ ಇಮ್ಮಡಿಸಿದರೂ ಹೆಚ್ಚದು. ಒಂದು ಲೋಪ, ಮತ್ತೊಂದು ನಿಜವಾದ ನಿಷ್ಫಲತೆ. ಅಧಿಕದ್ರವ್ಯವೆಂಬ ಒಂದೇ ಮಾತಿನಿಂದ ಇವೆರಡನ್ನೂ ಬೋಧಿಸುವಾಗ ಈ ಅಂತರವನ್ನು ಹೇಳದಿದ್ದರೆ ವಿದ್ಯಾರ್ಥಿಯು ತಪ್ಪುವುದು ಸಹಜ.

ಈ ವಿಧಾನಕ್ಕೆ ಎಲ್ಲೆಯೂ ಇದೆ. ದ್ರಾವಣದಲ್ಲಿ ಅಧಿಕದ್ರವ್ಯವನ್ನು ಬಹಳವಾಗಿ ಹೆಚ್ಚಿಸಿದರೆ ದ್ರಾವಣದ ಸ್ವಭಾವವೇ ಮಾರ್ಪಡುವುದು. ನೀರಿನ ಕ್ರಮವನ್ನು ಕಂಡುಹಿಡಿಯಬೇಕೆಂದು ನೀರನ್ನು ಕಡಮೆಮಾಡಿ ಸಕ್ಕರೆಯನ್ನು ಪಾಕದಷ್ಟು ಗಟ್ಟಿಮಾಡಿದರೆ, ಆಮ್ಲದ ಬಲವೂ ಅಣುಗಳ ಚಲನೆಯೂ ಬದಲಾಗಿ, ಅಳೆದುದು ನೀರಿನ ಕ್ರಮವೋ ಪಾಕದ ಗುಣವೋ ತಿಳಿಯದಾಗುತ್ತದೆ. ನೀರು ಇಲ್ಲಿ ಕ್ರಿಯೆಯ ದ್ರವ್ಯವೂ ಹೌದು, ಕ್ರಿಯೆಯ ಮನೆಯೂ ಹೌದು. ಕಳ್ಳಿನ ಮಡಕೆಯಲ್ಲಿಯಂತೂ ಯಾವ ಒಂದು ಸಂಖ್ಯೆಯೂ ನಿಲ್ಲದು. ಅಲ್ಲಿ ಸಕ್ಕರೆಯು ಕುಗ್ಗುತ್ತಿರುವಾಗಲೇ ಹುದುಗು ಬೆಳೆಯುತ್ತಿರುವುದು, ಆಮ್ಲವು ಹುಟ್ಟುತ್ತಿರುವುದು, ಬಿಸಿಲೇರಿದಂತೆ ಶಾಖವೂ ಏರುತ್ತಿರುವುದು.

ಬರ್ಲಿನಿನ ಆ ಇಬ್ಬರು ತಮ್ಮ ಪ್ರಯೋಗದಲ್ಲಿ ಮಾಡಿದ ಒಂದು ಕೆಲಸವನ್ನು ಹೇಳಬೇಕು. ಕಿಣ್ವವು ಸಕ್ಕರೆಯನ್ನು ಒಡೆದೊಡನೆ ಹೊರಬರುವ ದ್ರಾಕ್ಷಾಶರ್ಕರೆಯ ತಿರುವು ಕೂಡಲೇ ಸ್ಥಿರವಾಗುವುದಿಲ್ಲ. ಸ್ವಲ್ಪ ಹೊತ್ತು ಜಾರುತ್ತಿರುತ್ತದೆ. ಇದನ್ನು ಗಮನಿಸದ ಹಿಂದಿನವರ ಅಳತೆಗಳು ಕೆಟ್ಟಿದ್ದವು. ಮಿಖಾಯೆಲಿಸನೂ ಮೆಂಟೆನ್ನಳೂ ನಿಯಮಿತ ಹೊತ್ತಿಗೆ ದ್ರಾವಣವನ್ನು ಸ್ವಲ್ಪ ತೆಗೆದು ಅದಕ್ಕೆ ಸೋಡಾಕ್ಷಾರವನ್ನು ಹಾಕುತ್ತಿದ್ದರು. ಕ್ಷಾರವು ಬಿದ್ದೊಡನೆ ಕಿಣ್ವವು ನಿಲ್ಲುತ್ತಿತ್ತು, ತಿರುವೂ ಬೇಗನೆ ಸ್ಥಿರವಾಗುತ್ತಿತ್ತು. ಕುದ್ರೋಳಿಯ ಕಡೆಯ ಮೂರ್ತೆದಾರನ ಮಡಕೆಯಲ್ಲಿಯೂ ಸುಣ್ಣವು ಕ್ಷಾರವೇ. ಅಲ್ಲಿ ಅದು ಕ್ರಿಯೆಯು ನಡುದಾರಿಗೆ ಬಂದ ಮೇಲೆ ಬೀಳುವುದಿಲ್ಲ. ಮೊದಲ ಹನಿಯು ಇಳಿಯುವುದಕ್ಕೆ ಮುಂಚೆಯೇ ಮಡಕೆಯ ಒಳಗೆ ಕಾದಿರುತ್ತದೆ.